ರಕ್ಕಸನ ಎದೆಬಡಿತ

ಜನವರಿ 11

ಮಾನ್ಯ ಸದ್ದಕ್ಕನವರಿಗೆ ನಮಸ್ಕಾರಗಳು.

ಸ್ಟುಡಿಯೋದಲ್ಲಿ ಎಲ್ಲರೂ ನಿಮ್ಮನ್ನು ಹೀಗೇ ಕರೆಯುತ್ತಿದ್ದರಂತೆ. ಪ್ರೊಜೆಕ್ಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಹೇಳಿದರು, ನಿಮ್ಮ ವಿಳಾಸವನ್ನೂ ಅವರೇ ಕೊಟ್ಟರು. ಅಪರಿಚಿತನ ಕಾಗದ ಎಂದು ಬಿಸಾಡಬೇಡಿ.

ನಾವು ಹನ್ನೊಂದು ಜನ ಭಾನುವಾರ ಮಧ್ಯಾಹ್ನ ಒಂದು ಮುದ್ರಣಾಲಯದ ಮಹಡಿಯಲ್ಲಿ ಸೇರಿ ಹಳೆಯ ರಕ್ಕಸ ಚಿತ್ರಗಳನ್ನು ನೋಡುತ್ತೇವೆ. ರಕ್ಕಸನ ಬೆನ್ನಿನ ಜಿಪ್ಪು ಕಂಡರೆ ಚಪ್ಪಾಳೆ. ಅವನು ತುಳಿದ ಊರು ರಟ್ಟಿನ ಡಬ್ಬಿ ಎಂದು ಗೊತ್ತಾದರೆ ಇನ್ನೂ ಜೋರಾಗಿ ಚಪ್ಪಾಳೆ. ನಮ್ಮಲ್ಲಿ ಒಂದು ಪುಸ್ತಕವಿದೆ. ಯಾವ ಸದ್ದನ್ನು ಎಷ್ಟು ಚಿತ್ರಗಳಲ್ಲಿ ಮತ್ತೆ ಮತ್ತೆ ಬಳಸಿದ್ದಾರೆ ಎಂದು ಅದರಲ್ಲಿ ಬರೆದಿಟ್ಟಿದ್ದೇವೆ. ‘ಪಾತಾಳದ ಹಲ್ಲಿ’ಗಾಗಿ ನೀವು ಮಾಡಿದ ಆ ದೊಡ್ಡ ಗರ್ಜನೆ ಒಂಬತ್ತು ಚಿತ್ರಗಳಲ್ಲಿದೆ. ಏಡಿಗೂ ಅದೇ, ಕೆಸರಿನಿಂದ ಎದ್ದ ಹೆಣಕ್ಕೂ ಅದೇ. ಒಂದು ಸಾಂಸಾರಿಕ ಚಿತ್ರದಲ್ಲಿ ಸೊಸೆ ಬಾಗಿಲು ತೆಗೆದು ಅತ್ತೆಯನ್ನು ಕಂಡಾಗಲೂ ಅದೇ! ಅಂದು ನಮ್ಮ ಬಳಗದ ಕಂಪೌಂಡರ್ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದರು.

ನನ್ನದೊಂದೇ ಪ್ರಶ್ನೆ. ಆ ಗರ್ಜನೆಯ ಅಡಿಯಲ್ಲಿ ಇನ್ನೊಂದು ಸದ್ದಿದೆ. ಧಡ್, ಧಡ್, ಧಡ್ ಎಂದು ಮೂರು ಸಲ, ಸ್ವಲ್ಪ ಬಿಡುವು, ಮತ್ತೆ ಎರಡು ಸಲ. ನಾವು ಅದನ್ನು ರಕ್ಕಸನ ಎದೆಬಡಿತ ಎನ್ನುತ್ತೇವೆ. ಅದು ಬಂದಾಗ ನಾವೂ ಕುರ್ಚಿಯ ಕೈಯನ್ನು ಅದೇ ಲೆಕ್ಕದಲ್ಲಿ ತಟ್ಟುತ್ತೇವೆ. ಆ ಎದೆಬಡಿತವನ್ನು ಯಾವುದರಿಂದ ಮಾಡಿದಿರಿ?

ನಿಮ್ಮ ಅಭಿಮಾನಿ ತಮ್ಮ


ಜನವರಿ 29

ಅಭಿಮಾನಿಗಳೇ,

ಮೂವತ್ತೊಂದು ವರ್ಷದ ಮೇಲೆ ಯಾರೋ ನನ್ನ ಕೂಗಾಟವನ್ನು ವಿಚಾರಿಸಿ ಕಾಗದ ಬರೆದಿದ್ದಾರೆ ಎಂದು ಪಕ್ಕದ ಮನೆಯವಳಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಕೇಳಿ. ಮೂಳೆ ಮುರಿಯುವ ಸದ್ದು ಎಂದರೆ ಎಲೆಕೋಸು. ಹಲ್ಲಿ ನಾಲಿಗೆ ಚಾಚುವುದು ಎಂದರೆ ಒದ್ದೆ ಚರ್ಮದ ಪಟ್ಟಿಯನ್ನು ಗಾಜಿನ ಮೇಲೆ ಎಳೆಯುವುದು. ರಕ್ಕಸ ನಡೆದರೆ, ಅದು ನಾನೇ ಮರಳು ತುಂಬಿದ ಚೀಲವನ್ನು ಕಾಲಿಗೆ ಕಟ್ಟಿಕೊಂಡು ನಡೆದಿದ್ದು. ನಾಯಕಿ ಓಡಿದರೂ ನಾನೇ, ಅವಳ ಅಪ್ಪ ಕೆಮ್ಮುತ್ತಾ ನಡೆದರೂ ನಾನೇ. ಆ ಗರ್ಜನೆಯೂ ನನ್ನದೇ ಗಂಟಲು. ಐಸ್ ಕಟ್ಟುವ ಉದ್ದನೆಯ ತಗಡಿನ ಡಬ್ಬಿಯೊಳಗೆ ಮುಖವಿಟ್ಟು ಕೂಗಿದೆ, ಆಮೇಲೆ ಟೇಪನ್ನು ಅರ್ಧ ವೇಗಕ್ಕೆ ಇಳಿಸಿದೆ. ಮೂರು ದಿನ ಗಂಟಲು ಕಟ್ಟಿತ್ತು. ಒಂಬತ್ತು ಚಿತ್ರಗಳಿಗೆ ಹಾಕಿಕೊಂಡರು ಎಂಬುದು ಈಗಲೇ ಗೊತ್ತಾಗಿದ್ದು. ಆ ಚಿತ್ರ ಮುಗಿಯುವ ಮೊದಲೇ ನಾನು ಸ್ಟುಡಿಯೋ ಬಿಟ್ಟಿದ್ದೆ, ಆಮೇಲೆ ಒಂದನ್ನೂ ನೋಡಿಲ್ಲ.

ಎದೆಬಡಿತ ಗಿದೆಬಡಿತ ನಾನು ಮಾಡಿಲ್ಲ. ನಮ್ಮ ನಿರ್ಮಾಪಕರು ರಕ್ಕಸನಿಗೆ ಎರಡನೇ ಕಣ್ಣು ಇಡಿಸಲೇ ಹಿಂದೆಮುಂದೆ ನೋಡಿದವರು, ಎದೆ ಬೇರೆ ಕೊಡಿಸುತ್ತಿದ್ದರೇ? ನಿಮ್ಮ ಯಂತ್ರದ ಪಟ್ಟಿ ಸಡಿಲಾಗಿರಬೇಕು.

ಇನ್ನೊಂದು ಮಾತು. ಕಾಗದದ ಕೊನೆಯಲ್ಲಿ ‘ತಮ್ಮ’ ಎಂದು ಬರೆಯಬೇಡಿ.

ಸದ್ದಕ್ಕ


ಫೆಬ್ರವರಿ 6

ಸದ್ದಕ್ಕನವರಿಗೆ,

ನಿಮ್ಮ ಕಾಗದವನ್ನು ಬಳಗದಲ್ಲಿ ಎರಡು ಸಲ ಓದಿದೆವು. ಎಲೆಕೋಸಿನ ವಿಷಯಕ್ಕೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹಾಗೆ ಬರೆದಿದ್ದಕ್ಕೆ ಕ್ಷಮಿಸಿ, ಸಲುಗೆ ಹೆಚ್ಚಾಯಿತು.

ಆದರೆ ಯಂತ್ರದ ಪಟ್ಟಿ ಬಿಗಿಯಾಗಿಯೇ ಇದೆ. ಆ ಸದ್ದು ಒಂಬತ್ತು ಪ್ರಿಂಟುಗಳಲ್ಲೂ ಇದೆ. ಟೇಪನ್ನು ಅರ್ಧ ವೇಗಕ್ಕೆ ಇಳಿಸಿದೆ ಎಂದು ನೀವು ಬರೆದ ಮೇಲೆ ನನಗೊಂದು ಯೋಚನೆ ಬಂತು. ಗರ್ಜನೆಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ವೇಗವನ್ನು ಎರಡರಷ್ಟು ಮಾಡಿ ಕೇಳಿದೆ. ನಿಮ್ಮ ಗಂಟಲು ಮಾಮೂಲಿ ಹೆಂಗಸಿನ ಗಂಟಲಾಯಿತು. ಅಡಿಯ ಸದ್ದು ಎದೆಬಡಿತವಾಗಿ ಉಳಿಯಲಿಲ್ಲ.

ಕ್ಯಾಸೆಟ್ ಈ ಕಾಗದದೊಂದಿಗೆ ಕಳಿಸಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅದು ಏನೆಂದು ನಾನು ಹೇಳುವುದಿಲ್ಲ. ನಿಮ್ಮ ಕಿವಿ ನನ್ನದಕ್ಕಿಂತ ದೊಡ್ಡದು.

ಅಭಿಮಾನಿ


ಫೆಬ್ರವರಿ 13 (ಕಾರ್ಡು)

ಕೇಳಿದೆ. ಮರಗೆಲಸದವರು ಮೇಲೆ ಸೆಟ್ ಕಳಚುತ್ತಿದ್ದರು. ಮೊಳೆ ಬಡಿದ ಸದ್ದು, ಅಷ್ಟೇ. ಇದಕ್ಕೆಲ್ಲ ಕಾಗದ ಬರೆದು ನನ್ನ ಸಮಯ ಹಾಳು ಮಾಡಬೇಡಿ. ಕ್ಯಾಸೆಟ್ ವಾಪಸು ಕಳಿಸುವುದಿಲ್ಲ.


ಮಾರ್ಚ್ 2

ಸದ್ದಕ್ಕನವರಿಗೆ,

ಬರೆಯಬೇಡಿ ಎಂದಿರಿ. ಎರಡು ವಾರ ಸುಮ್ಮನಿದ್ದೆ. ಇನ್ನು ಸುಮ್ಮನಿರಲು ಆಗುತ್ತಿಲ್ಲ. ಮೊದಲ ಕಾಗದದಲ್ಲೇ ಹೇಳಬೇಕಾಗಿದ್ದನ್ನು ಮುಚ್ಚಿಟ್ಟಿದ್ದೆ. ನಾನು ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ವರ್ಷದಿಂದ ಅದೇ ಕೆಲಸ.

ಮೊಳೆ ಹೊಡೆಯುವವನು ಕೈ ಬೀಸಿದಷ್ಟೂ ಹೊಡೆಯುತ್ತಾನೆ. ಅದಕ್ಕೆ ಲೆಕ್ಕವಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಮೊದಲ ಐದು ನಿಮಿಷ ಸಿಕ್ಕಾಪಟ್ಟೆ ಬಡಿಯುತ್ತಾರೆ. ಕೈ ನೋಯುತ್ತದೆ, ಬುದ್ಧಿ ಬರುತ್ತದೆ. ಆಮೇಲೆ ಎಣಿಸಿ ಬಡಿಯಲು ಶುರುಮಾಡುತ್ತಾರೆ. ಮೂರು ಸಲ ಬಡಿದು ನಿಲ್ಲಿಸುತ್ತಾರೆ, ಮತ್ತೆ ಎರಡು ಸಲ. ನಡುವಿನ ಆ ಬಿಡುವು ಇದೆಯಲ್ಲ, ಯಾರಾದರೂ ಬಂದರೇ ಎಂದು ಕಿವಿಗೊಡುವ ಬಿಡುವು ಅದು. ಆ ಬಿಡುವನ್ನು ನಾನು ಎಷ್ಟೋ ಕಟ್ಟಡಗಳಲ್ಲಿ ಮೆಟ್ಟಿಲು ಹತ್ತುತ್ತಾ ಕೇಳಿದ್ದೇನೆ.

ಕಳೆದ ಭಾನುವಾರ ಬಳಗದವರು ಎಂದಿನಂತೆ ಕುರ್ಚಿ ತಟ್ಟಿದರು. ನನ್ನ ಕೈ ಏಳಲಿಲ್ಲ.

ನಾನು ತಪ್ಪು ತಿಳಿದಿರಬಹುದು. ಹಾಗಾದರೆ ಒಳ್ಳೆಯದೇ. ಗರ್ಜನೆಯನ್ನು ಎಲ್ಲಿ ರೆಕಾರ್ಡ್ ಮಾಡಿದಿರಿ ಎಂಬುದೊಂದನ್ನು ತಿಳಿಸಿ. ಬೇರೇನೂ ಕೇಳುವುದಿಲ್ಲ.

ಅಭಿಮಾನಿ


ಏಪ್ರಿಲ್ 19

ಲಿಫ್ಟ್ ಮೆಕ್ಯಾನಿಕ್ ಅವರಿಗೆ,

ನಿಮ್ಮ ಕಾಗದ ಬಂದು ಒಂದೂವರೆ ತಿಂಗಳಾಯಿತು. ಮೂರು ಸಲ ಉತ್ತರ ಬರೆದು ಹರಿದೆ.

ನಿಮ್ಮ ಊರಿನಲ್ಲೇ, ಹಳೆಯ ಮೀನು ಮಾರುಕಟ್ಟೆಯ ಹಿಂದೆ, ಒಂದು ಐಸ್ ಫ್ಯಾಕ್ಟರಿ ಇತ್ತು. ಅದು ಮುಚ್ಚುವ ಹೊತ್ತಿಗೆ ನಮ್ಮವರು ಒಂದು ವಾರಕ್ಕೆ ಬಾಡಿಗೆಗೆ ಹಿಡಿದರು. ಪಾತಾಳದ ದೃಶ್ಯಗಳೆಲ್ಲ ಅಲ್ಲೇ. ಕೊನೆಯ ದಿನ ಮಧ್ಯಾಹ್ನಕ್ಕೆ ಶೂಟಿಂಗ್ ಮುಗಿದು ಎಲ್ಲರೂ ಹೊರಟರು. ನಾನು ಮಾತ್ರ ಬ್ಯಾಟರಿಯ ರೆಕಾರ್ಡಿಂಗ್ ಯಂತ್ರ ಹಿಡಿದು ನೆಲಮಾಳಿಗೆಯ ಹಾಲಿಗೆ ಇಳಿದೆ. ಅಲ್ಲಿ ಕೂಗಿದರೆ ಸದ್ದು ಬಹಳ ಹೊತ್ತು ನಿಲ್ಲುತ್ತಿತ್ತು.

ಎಲ್ಲರೂ ಹೊರಟರು ಎಂದೆನಲ್ಲ, ಅವರಲ್ಲಿ ಮರಗೆಲಸದವರೂ ಸೇರಿದ್ದರು. ನಿಮ್ಮ ಕ್ಯಾಸೆಟ್ ಕೇಳಿದ ದಿನ ಇದು ನೆನಪಾಯಿತು. ಆದರೂ ಕಾರ್ಡಿನಲ್ಲಿ ಸುಳ್ಳು ಬರೆದು ಹಾಕಿದೆ.

ರಕ್ಕಸನ ವೇಷದ ಒಳಗೆ ಇರುತ್ತಿದ್ದವನು ನನ್ನ ತಮ್ಮ. ಇಪ್ಪತ್ತನಾಲ್ಕು ವರ್ಷ. ನಾನೇ ಸೇರಿಸಿದ್ದು. ನಾಲ್ಕು ಚಿತ್ರ ಮಾಡಿದ, ಒಂದರಲ್ಲೂ ಅವನ ಹೆಸರು ತೆರೆಯ ಮೇಲೆ ಬರಲಿಲ್ಲ. ಊರೂರು ಸುತ್ತುವ ಸರ್ಕಸ್ಸಿನವರು ಕರೆದಿದ್ದರು, ಆವತ್ತು ಸಂಜೆಯ ರೈಲಿಗೆ ಹೋಗುತ್ತೇನೆ ಎಂದ. ಅಮ್ಮನಿಗೆ ಹೇಳಿರಲಿಲ್ಲ. ನಾನು ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಅಂದೆ.

“ಹೋಗು, ಹಾಳಾಗಿ ಹೋಗು. ಇನ್ನೊಂದು ಸಲ ನಿನ್ನ ಮುಖ ತೋರಿಸ್ಬೇಡ.”

ಅವನು ರಕ್ಕಸನ ತಲೆಯನ್ನು ಎತ್ತಿ ಹಾಕಿಕೊಂಡು, “ಸರಿ ಬಿಡಕ್ಕಾ, ಇನ್ಮೇಲೆ ಈ ಮುಖಾನೇ ನೋಡ್ಕೊಂಡಿರು” ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ವೇಷವೂ ಇರಲಿಲ್ಲ. ಹೊತ್ತುಕೊಂಡು ಓಡಿಹೋದ, ಸರ್ಕಸ್ಸಿನಲ್ಲಿ ಅದನ್ನೇ ಹಾಕಿ ಕುಣಿಯುತ್ತಿರುತ್ತಾನೆ ಎಂದರು ಸ್ಟುಡಿಯೋದವರು. ಅವಮಾನವಾಗಿ ನಾನೂ ಕೆಲಸ ಬಿಟ್ಟೆ. ಅಮ್ಮ ಸಾಯುವವರೆಗೂ ಅಂಚೆಯವನ ದಾರಿ ನೋಡಿದಳು. ನಾನು ಮಾತ್ರ, ಎಷ್ಟು ಕಲ್ಲು ಮನಸ್ಸಿನವನು, ಅಮ್ಮನಿಗಾದರೂ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಮೂವತ್ತೊಂದು ವರ್ಷ ಅವನನ್ನು ಬೈಯುತ್ತಲೇ ಬಂದೆ.

ಆ ಕಟ್ಟಡದಲ್ಲಿ ಐಸ್ ಮೇಲಕ್ಕೆ ಸಾಗಿಸುವ ಲಿಫ್ಟ್ ಒಂದಿತ್ತು. ಅದು ಈಗ ಎಲ್ಲಿ ನಿಂತಿದೆ, ನೋಡಿ ತಿಳಿಸುವಿರಾ?

ಸದ್ದಕ್ಕ


ಮೇ 2

ಅಕ್ಕಾ,

ಹಾಗೆ ಕರೆದಿದ್ದಕ್ಕೆ ಬೈಯಬೇಡಿ. ಇದನ್ನು ಬೇರೆ ಯಾವ ಹೆಸರಿಟ್ಟು ಶುರುಮಾಡಲಿ ಎಂದು ತಿಳಿಯಲಿಲ್ಲ. ಪೊಲೀಸರ ಕಾಗದ ನಿಮಗೆ ತಲುಪುವ ಮೊದಲು ನನ್ನದು ತಲುಪಲಿ ಎಂದು ಬೆಳಿಗ್ಗೆಯೇ ಬರೆಯುತ್ತಿದ್ದೇನೆ.

ಆ ಕಟ್ಟಡ ಈಗ ಗೋಣಿಚೀಲಗಳ ಗೋದಾಮು. ಮಾಲೀಕರು ಒಳ್ಳೆಯವರು. “ಲಿಫ್ಟಾ? ನಾನು ತಗೊಂಡಾಗ್ಲೇ ಅದರ ಬಾಗಿಲಿಗೆ ಹಲಗೆ ಹೊಡೆದಿದ್ರು ಮಾರಾಯ್ರೆ, ಅದ್ರ ಮೇಲೇ ಗಾರೆ ಮಾಡಿಸ್ದೆ” ಎಂದರು. ನೆಲಮಾಳಿಗೆಯಲ್ಲೂ ಹಾಗೇ, ಗೋಡೆಯೇ ಕಾಣುತ್ತದೆ. ನಾನು ತಾರಸಿ ಹತ್ತಿ ಮೋಟಾರು ಇದ್ದ ಕೋಣೆಗೆ ಹೋದೆ. ಉಕ್ಕಿನ ಹಗ್ಗ ಬಿಗಿಯಾಗಿಯೇ ಇತ್ತು. ಎಂದರೆ ಕೆಳಗೆ ಇನ್ನೂ ಭಾರವಿದೆ. ಹಗ್ಗದ ಅಳತೆ ನೋಡಿದೆ. ಲಿಫ್ಟು ನೆಲಮಾಳಿಗೆಯಲ್ಲೂ ಇರಲಿಲ್ಲ, ಮೇಲಿನ ಅಂತಸ್ತಿನಲ್ಲೂ ಇರಲಿಲ್ಲ. ಸರಿಯಾಗಿ ಎರಡರ ನಡುವೆ, ಮೆಟ್ಟಿಲಿನ ಗೋಡೆಯ ಪಕ್ಕ ನಿಂತಿತ್ತು. ಕೆಳಗಿಳಿಯುತ್ತಿದ್ದಾಗ ಕರೆಂಟು ಹೋಗಿರಬೇಕು.

ಹಗ್ಗದ ಕಿಂಡಿಯಿಂದ ಟಾರ್ಚ್ ಬಿಟ್ಟೆ. ಲಿಫ್ಟಿನ ಮೇಲ್ಗಡೆ ಜಾಲರಿ. ಅದರೊಳಗೆ ಮೊದಲು ಕಂಡದ್ದು ಹಲ್ಲಿಯ ತಲೆ. ಬಣ್ಣ ಇನ್ನೂ ಹಸಿರಾಗಿತ್ತು. ನಾನು ಚಿಕ್ಕಂದಿನಿಂದ ಪ್ರೀತಿಸಿದ ತಲೆ ಅದು, ಅಕ್ಕಾ. ನಾನು ಕೆಳಗಿಳಿದು ಬಂದು ಪೊಲೀಸರಿಗೆ ಫೋನ್ ಮಾಡಿದೆ.

ಪೊಲೀಸರು ಬಂದು ಗೋಡೆ ಒಡೆಸಿದಾಗ ನಿಮ್ಮ ತಮ್ಮ ಲಿಫ್ಟಿನೊಳಗೆ ಒರಗಿ ಕೂತಿದ್ದರು. ವೇಷ ಮೈಮೇಲೆ ಇತ್ತು. ತಲೆಯನ್ನು ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಕೈಚೀಲದಲ್ಲಿ ಎರಡು ಅಂಗಿ, ಸಂಜೆ ಆರು ಹತ್ತರ ರೈಲಿನ ಟಿಕೆಟ್ಟು. ಒದ್ದಾಡಿದ ಹಾಗೆ ಕಾಣಲಿಲ್ಲ. ನಿದ್ದೆ ಹೋದವರ ಹಾಗಿದ್ದರು.

ಐಸ್ ಸಾಗಿಸುವ ಲಿಫ್ಟಿನ ಸುತ್ತಲ ಗೋಡೆಗಳಿಗೆ ಒಳಗಿಂದ ದಪ್ಪ ಬೆಂಡು ಹಾಕಿರುತ್ತಾರೆ, ತಂಪು ಹೊರಗೆ ಹೋಗದಿರಲಿ ಎಂದು. ಕೂಗಿದರೆ ಬೆಂಡು ನುಂಗುತ್ತದೆ. ಲಿಫ್ಟು ಜಾರುವ ಕಬ್ಬಿಣದ ಕಂಬಿಗೆ ಬಡಿದ ಸದ್ದು ಮಾತ್ರ ಕಂಬಿಯ ಉದ್ದಕ್ಕೂ ಇಳಿದು ಹಾಲಿಗೆ ಬರುತ್ತದೆ. ಆದ್ದರಿಂದ ನಿಮಗೆ ದನಿ ಕೇಳುವಂತಿರಲಿಲ್ಲ. ಇದು ನನ್ನ ಕೆಲಸದ ಮಾತು, ಸಮಾಧಾನಕ್ಕೆ ಹೇಳಿದ್ದಲ್ಲ.

ನೀವು ಬರುವ ದಿನ ತಿಳಿಸಿ. ಬಸ್ ನಿಲ್ದಾಣಕ್ಕೆ ಬರುತ್ತೇನೆ.

ಮೆಕ್ಯಾನಿಕ್


ಮೇ 24

ಮೆಕ್ಯಾನಿಕ್ ಅವರೇ,

ಅವನ ಕೊನೆಯ ಕೆಲಸವೆಲ್ಲ ಮುಗಿಸಿ ಊರು ತಲುಪಿದೆ. ನಿಮ್ಮ ಬಳಗದ ಹನ್ನೊಂದು ಜನವೂ ಕೆಲಸ ಬಿಟ್ಟು ಬಂದು ನಿಂತಿದ್ದರು. ಅವನ ಕಡೆಯವರು ಎಂದು ಅಷ್ಟು ಜನ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಆ ದಪ್ಪನೆಯ ಕಂಪೌಂಡರ್ ಮಗುವಿನ ಹಾಗೆ ಅತ್ತರು.

ಠಾಣೆಯ ಮುಂದಿನ ಬೆಂಚಿನಲ್ಲಿ ನಾವಿಬ್ಬರೂ ಎರಡು ಗಂಟೆ ಕೂತಿದ್ದೆವು. ನೀವು ತಂದುಕೊಟ್ಟ ಚಹಾ ತಣ್ಣಗಾಯಿತು. ನಾನು ಏನೋ ಹೇಳಲು ಬಾಯಿ ತೆರೆದು ತೆರೆದು ಮುಚ್ಚಿದ್ದನ್ನು ನೀವು ದುಃಖ ಎಂದುಕೊಂಡಿರಿ. ಅದನ್ನು ಈಗ ಹೇಳುತ್ತೇನೆ.

ಕರೆಂಟು ಹೋಗಲಿಲ್ಲ. ನಾನು ತೆಗೆಸಿದೆ.

ಮೇಲೆ ಐಸ್ ಯಂತ್ರವೊಂದು ಗುಂಯ್ ಎನ್ನುತ್ತಿತ್ತು, ರೆಕಾರ್ಡಿಂಗಿಗೆ ಅಡ್ಡ ಬರುತ್ತಿತ್ತು. ಕಾವಲುಗಾರನನ್ನು ಕೂಗಿ, “ಮೇನ್ ಸ್ವಿಚ್ ಎಳೆದುಬಿಡಪ್ಪಾ” ಎಂದೆ. ಅವನು ಎಳೆದ. ಅದೇ ಗಳಿಗೆಯಲ್ಲಿ ನನ್ನ ತಮ್ಮ ಲಿಫ್ಟಿನಲ್ಲಿ ಇಳಿಯುತ್ತಿದ್ದ. ಯಾಕೆ ಇಳಿಯುತ್ತಿದ್ದ ಎಂದು ಪೊಲೀಸರು ಕೇಳಿದರು, ಗೊತ್ತಿಲ್ಲ ಎಂದೆ. ನನಗೆ ಗೊತ್ತು. ಜಗಳವಾಡಿದ ಮೇಲೆ ಅವನು ಯಾವತ್ತೂ ಕ್ಷಮೆ ಕೇಳಿದವನಲ್ಲ. ಬಾಗಿಲ ಹಿಂದೆ ಅವಿತಿದ್ದು ಹೆದರಿಸುತ್ತಿದ್ದ. ನಾನು ಕಿರುಚಬೇಕು, ಆಮೇಲೆ ನಗಬೇಕು, ಅಲ್ಲಿಗೆ ಜಗಳ ಮುಗಿಯಬೇಕು. ಐದು ವರ್ಷದವನಿದ್ದಾಗಿನಿಂದ ಹೀಗೇ. ರಕ್ಕಸನ ವೇಷ ಹಾಕಿಕೊಂಡು, ರೈಲಿಗೆ ಮೊದಲು, ನನ್ನನ್ನು ಹೆದರಿಸಲು ಬರುತ್ತಿದ್ದ.

ಇನ್ನೂ ಒಂದಿದೆ. ಆವತ್ತಿನ ಮೂಲ ರೀಲು ನನ್ನ ಟ್ರಂಕಿನಲ್ಲೇ ಇದೆ. ನೀವು ಕೇಳಿದ್ದು ಅದರ ಒಂದು ಚೂರು. ಪೂರ್ತಿ ಇಪ್ಪತ್ತೆರಡು ನಿಮಿಷ. ನಿಮ್ಮ ಕ್ಯಾಸೆಟ್ ಬಂದ ದಿನವೇ ಅದನ್ನು ಹಾಕಿ ಕೇಳಿದೆ. ಶುರುವಿನಿಂದಲೂ ಬಡಿತವಿದೆ. ಹನ್ನೊಂದನೇ ನಿಮಿಷದಲ್ಲಿ ನನ್ನ ದನಿ ಬರುತ್ತದೆ: “ಯಾರ್ರೀ ಅದು, ಬಡಿಯೋದು ನಿಲ್ಸಿ! ಇಲ್ಲಿ ಕೆಲಸ ನಡೀತಿದೆ, ಸ್ವಲ್ಪ ತಡೀರಿ!”

ಬಡಿತ ನಿಲ್ಲುತ್ತದೆ.

ಆಮೇಲೆ ಕೇಳಲು ಆಗದೆ ಯಂತ್ರ ಆರಿಸಿದೆ. ನನ್ನ ತಮ್ಮ ಒಂದೇ ಒಂದು ಸಲ ನನ್ನ ಮಾತು ಕೇಳಿದ್ದು ಅವತ್ತೇ.

ಸದ್ದಕ್ಕ


ಮೇ 30

ಅಕ್ಕಾ,

ನಿಮ್ಮ ಕಾಗದ ಓದಿ ಕೆಲಸಕ್ಕೆ ಹೋಗಲಿಲ್ಲ. ಕೂತು ಯೋಚಿಸಿದೆ. ನಿಮಗೆ ಹೇಳಬಹುದಾದದ್ದು ನನ್ನ ಬಳಿ ಒಂದೇ ಇದೆ.

ನಾನು ನೂರಾರು ಜನರನ್ನು ಲಿಫ್ಟಿನಿಂದ ಹೊರಗೆ ತೆಗೆದಿದ್ದೇನೆ. ಬಾಗಿಲು ತೆಗೆದ ಕೂಡಲೇ ಬಹಳ ಜನ ಹೇಳುವ ಮಾತು ಒಂದೇ: “ಹೊರಗೆ ಯಾರದೋ ದನಿ ಕೇಳಿತು, ಜೀವ ಬಂತು, ಕೂತುಕೊಂಡೆ.” ಬಡಿಯುವುದನ್ನು ನಿಲ್ಲಿಸುವುದು ಆಸೆ ಬಿಟ್ಟವರಲ್ಲ. ಮನುಷ್ಯರ ದನಿ ಕೇಳಿದವರು. ಗೊತ್ತಿರುವವರ ದನಿಯಾದರಂತೂ ಕೇಳುವುದೇ ಬೇಡ. ಒಳಗಿನ ದನಿ ಹೊರಗೆ ಬರದಿದ್ದರೂ, ಆ ಹಾಲಿನಲ್ಲಿ ಮೊಳಗಿದ ನಿಮ್ಮ ಕೂಗು ಲಿಫ್ಟಿನ ಬಾಗಿಲ ಸಂದಿಯಿಂದ ಮೇಲೇರಿ ಅವರಿಗೆ ಕೇಳಿರುತ್ತದೆ. ತಡಿ ಎಂದು ಅಕ್ಕನೇ ಹೇಳಿದ ಮೇಲೆ ಅವರಿಗೆ ಹೆದರಿಕೆ ಇರಲಿಲ್ಲ. ಇದನ್ನು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

ಬಳಗದವರು ಇನ್ನು ಆ ಚಿತ್ರಗಳನ್ನು ಹಾಕುವುದು ಬೇಡ ಎನ್ನುತ್ತಿದ್ದಾರೆ. ನೀವು ಹೇಳಿದಂತೆ ನಡೆಯುತ್ತೇವೆ. ರೀಲಿನ ಉಳಿದ ಭಾಗವನ್ನು ಒಬ್ಬರೇ ಕೇಳಬೇಡಿ. ನಾನು ಬರುತ್ತೇನೆ.

ಮೆಕ್ಯಾನಿಕ್


ಜೂನ್ 21

ಮೆಕ್ಯಾನಿಕ್,

ಇನ್ನು ಮೇಲೆ ನೀನು ಎಂದೇ ಬರೆಯುತ್ತೇನೆ.

ನಿನ್ನ ಕಾಗದ ಓದಿ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದೆ. ಮೂರನೆಯ ದಿನ ಪೊಲೀಸರ ವರದಿ ಬಂತು. ವೇಷದ ಎರಡೂ ಕೈಗವಸುಗಳ ಅಂಗೈ ಪೂರ್ತಿ ಸವೆದುಹೋಗಿದೆ, ಒಳಗಿನ ಬಟ್ಟೆಯೂ ಇಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ನೀನು ಅದನ್ನು ಕಂಡಿದ್ದೆ. ನಿದ್ದೆ ಹೋದವರ ಹಾಗಿದ್ದರು ಎಂದು ಬರೆದೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ.

ಬಳಗದವರಿಗೆ ಹೇಳು, ಚಿತ್ರಗಳನ್ನು ನಿಲ್ಲಿಸಬೇಡಿ. ಅವನು ಪಾರ್ಟು ಮಾಡಿದ್ದೇ ಜನ ನೋಡಲಿ ಎಂದು. ಜಿಪ್ಪು ಕಂಡರೆ ನಗಲಿ. ಚಿತ್ರ ಶುರುವಾಗುವ ಮೊದಲು ಒಬ್ಬರು ಎದ್ದು ನಿಂತು ಅವನ ಹೆಸರು ಹೇಳಲಿ, ಸಾಕು. ಹೆಸರನ್ನು ಬೇರೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ರೀಲಿನ ಉಳಿದ ಹನ್ನೊಂದು ನಿಮಿಷವನ್ನು ನಿನ್ನೆ ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು ಕೇಳಿದೆ. ನಿನ್ನನ್ನು ಕಾಯಲಿಲ್ಲ. ಅಕ್ಕ ನಾನು, ನಾನೇ ಕೇಳಬೇಕಾಗಿತ್ತು.

ಬಡಿತವಿಲ್ಲ. ನಾನು ನಾಲ್ಕು ಸಲ ಗರ್ಜಿಸುತ್ತೇನೆ, ಒಂದು ಸಲ ಕೆಮ್ಮುತ್ತೇನೆ. ಕಾವಲುಗಾರನಿಗೆ, “ನಂದು ಮುಗೀತು, ಇನ್ನು ಮೇನ್ ಸ್ವಿಚ್ ಹಾಕೋದೇನೂ ಬೇಡಪ್ಪಾ, ಬೀಗ ಹಾಕ್ಕೊಂಡು ಹೋಗು” ಎನ್ನುತ್ತೇನೆ. ಯಂತ್ರವನ್ನು ಹೆಗಲಿಗೆ ಹಾಕಿಕೊಳ್ಳುವ ಸದ್ದು. ಆರಿಸುವುದನ್ನು ಮರೆತಿದ್ದೇನೆ. ಮೆಟ್ಟಿಲು ಹತ್ತುತ್ತೇನೆ.

ಇಪ್ಪತ್ತಾರು ಮೆಟ್ಟಿಲು. ನಾನು ಹೆಜ್ಜೆ ಸದ್ದಿನಿಂದಲೇ ಅನ್ನ ತಿಂದವಳು. ಹತ್ತಿರ ಬರುವ ಹೆಜ್ಜೆ ಹೇಗಿರುತ್ತದೆ, ದೂರ ಹೋಗುವ ಹೆಜ್ಜೆ ಹೇಗಿರುತ್ತದೆ, ಕತ್ತಲಲ್ಲಿ ಕೂತವನಿಗೆ ಅದು ಹೇಗೆ ಕೇಳುತ್ತದೆ, ಎಲ್ಲ ಬಲ್ಲೆ. ಲಿಫ್ಟು ಮೆಟ್ಟಿಲಿನ ಗೋಡೆಯ ಪಕ್ಕ, ಸರಿಯಾಗಿ ನಡುವೆ ನಿಂತಿತ್ತು ಎಂದು ನೀನೇ ಬರೆದಿದ್ದೀಯ. ಎಂದರೆ ಮೊದಲ ಹದಿಮೂರು ಹೆಜ್ಜೆ ನಾನು ಅವನ ಹತ್ತಿರಕ್ಕೆ ಹೋಗುತ್ತಿದ್ದೇನೆ.

ಹದಿಮೂರನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತೇನೆ. ಯಂತ್ರ ಭಾರವಾಗಿ ಹೆಗಲು ಬದಲಿಸಿರಬೇಕು. ಆಗ ಗೋಡೆಯ ಆ ಕಡೆಯಿಂದ ಒಂದೇ ಒಂದು ಸಲ, ಮೆಲ್ಲಗೆ, ತಟ್ಟಿದ ಸದ್ದು ಬರುತ್ತದೆ. ಕರೆಯುವ ಹಾಗಲ್ಲ. ಬಂದೆಯಾ ಎನ್ನುವ ಹಾಗೆ.

ಆಮೇಲೆ ಇನ್ನೂ ಹದಿಮೂರು ಮೆಟ್ಟಿಲು ಹತ್ತಿದ ಸದ್ದಿದೆ.

ಅಕ್ಕ